ಬಾಗಿಲು ತೆರೆದ ಪರೀಕ್ಷೆ

ಮುಂಬಯಿಯ ಕೋಟೆ ಭಾಗದಲ್ಲಿ ಉದ್ಯೋಗ ಮಾಡುವ ನಮ್ಮವರಲ್ಲಿ ರಾಜಾಬಾಯಿ ಗೋಪುರವನ್ನು ನೋಡದವರು ವಿರಳ. ಚರ್ಚ್‌ಗೇಟ್ ನಿಲ್ದಾಣದಲ್ಲಿಳಿದು ಕಚೇರಿಗೆ ಧಾವಿಸುವ ಗುಮಾಸ್ತನು ಅದರ ಗಡಿಯಾರವನ್ನು ಕಂಡು ಹೆಜ್ಜೆಯನ್ನು ಚುರುಕುಗೊಳಿಸುತ್ತಾನೆ. ಮಧ್ಯಾಹ್ನದ ಬಿಡುವಿನಲ್ಲಿ ಮೈದಾನದ ಅಂಚಿಗೆ ಬಂದು ಕುಳಿತ ಹೋಟೆಲು ಕೆಲಸಗಾರನು ಅದೇ ಗಡಿಯಾರವನ್ನು ನೋಡಿ ಸಂಜೆಯ ಪಾಳಿಗೆ ಏಳುತ್ತಾನೆ. ಪ್ರೇಮಚಂದ ರಾಯಚಂದರೆಂಬ ವರ್ತಕರು ತಮ್ಮ ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ಕಟ್ಟಲ್ಪಟ್ಟು, ೧೮೭೮ರಲ್ಲಿ ಪೂರ್ಣಗೊಂಡ ಗೋಪುರವದು. ಅದರ ಬುಡದಲ್ಲಿರುವುದು ವಿಶ್ವವಿದ್ಯಾನಿಲಯ. ಗಡಿಯಾರದಿಂದ ನಮಗೆ ದಿನವೂ ಪ್ರಯೋಜನವುಂಟು. ವಿಶ್ವವಿದ್ಯಾನಿಲಯದಿಂದ ನಮಗೇನು ಪ್ರಯೋಜನವೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತಾರೆ.

ಈ ವಿದ್ಯಾಸಂಸ್ಥೆಯು ನಮಗೆ ಪರಕೀಯವಾದುದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ. ೧೮೫೭ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸು ಈ ಮೂರು ನಗರಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಯ ನಮ್ಮ ಹಿರಿಯರು ಬಹುಕಾಲ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನೇ ಪಡೆದವರು. ಕರ್ನಾಟಕ ವಿಶ್ವವಿದ್ಯಾನಿಲಯವು ಕೂಡ ೧೯೪೯ರಲ್ಲಿ ತನ್ನ ಕಚೇರಿಯನ್ನು ತೆರೆದುದು ಮುಂಬಯಿಯಲ್ಲಿಯೇ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ಇಂದು ಮುಂಬಯಿ ವಿಶ್ವವಿದ್ಯಾನಿಲಯದ ಕಲೀನಾ ವಿದ್ಯಾನಗರಿಯಲ್ಲಿ ಕನ್ನಡಕ್ಕೆ ಒಂದು ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ನಮ್ಮ ಭಾಷೆಯಲ್ಲಿ ಎಂ.ಎ. ಓದುವವರೂ ಪಿಎಚ್.ಡಿ. ಪದವಿಗಾಗಿ ಸಂಶೋಧನೆ ಮಾಡುವವರೂ ಇದ್ದಾರೆ.

ಆದರೂ ನಮ್ಮ ಜನರಿಗೆ ಆ ಬಾಗಿಲನ್ನು ದಾಟಲು ಒಂದು ಬಗೆಯ ಅಳುಕು. ನಾವು ಸ್ವತಃ ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಅನೇಕ ವರ್ಷ ಹೋಟೆಲಿನ ಗಲ್ಲಾದ ಹಿಂದೆ ಕುಳಿತು, ಬಳಿಕ ಪತ್ರಿಕೆಯ ಮೇಜಿಗೆ ಬಂದವರಾದುದರಿಂದ ಈ ಅಳುಕಿನ ಪರಿಚಯ ನಮಗೆ ಚೆನ್ನಾಗಿದೆ. ವಿಶ್ವವಿದ್ಯಾನಿಲಯವೆಂದರೆ ಶುಲ್ಕ ಕಟ್ಟಿ ಹೆಸರು ನೋಂದಾಯಿಸಿದವರಿಗೆ ಮಾತ್ರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಸ್ತುಸ್ಥಿತಿ ಹಾಗಿಲ್ಲ. ಹೊರಗಿನವರೂ ಹೋಗಿ ಕುಳಿತುಕೊಳ್ಳಬಹುದಾದ ಎರಡು ಬಗೆಯ ಸಭೆಗಳು ಅಲ್ಲಿ ನಡೆಯುತ್ತವೆ. ಒಂದು, ಸಾರ್ವಜನಿಕ ಉಪನ್ಯಾಸ. ಇನ್ನೊಂದು, ಪಿಎಚ್.ಡಿ. ಪದವಿಯ ಮೌಖಿಕ ಪರೀಕ್ಷೆ. ಈ ಎರಡರ ವಿಷಯವಾಗಿ ನಮ್ಮ ವಾಚಕರಿಗೆ ನಾಲ್ಕು ಮಾತು ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು.

ಕೇಳುವವರಿಗಾಗಿ ಹೇಳಿದ ವಿದ್ಯೆ

ವಿದ್ವಾಂಸನು ತನ್ನ ವಿದ್ಯಾರ್ಥಿಗಳಿಗಲ್ಲದೆ ಊರಿನವರಿಗೂ ತಾನು ಕಂಡುದನ್ನು ಹೇಳಬೇಕೆಂಬ ಪದ್ಧತಿ ನಮ್ಮ ನಗರಗಳಲ್ಲಿ ಹಳೆಯದು. ೧೮೭೭ರಲ್ಲಿ ರಾಮಕೃಷ್ಣ ಗೋಪಾಲ ಭಾಂಡಾರಕರರು ಮುಂಬಯಿಯಲ್ಲಿ ವಿಲ್ಸನ್ ಅವರ ಹೆಸರಿನ ಉಪನ್ಯಾಸಮಾಲೆಯಲ್ಲಿ ಸಂಸ್ಕೃತ ಮತ್ತು ಅದರಿಂದ ಹುಟ್ಟಿದ ಭಾಷೆಗಳ ಬೆಳವಣಿಗೆಯನ್ನು ವಿವರಿಸಿದರು. ಆ ಉಪನ್ಯಾಸಗಳು ಗ್ರಂಥರೂಪದಲ್ಲಿ ಇಂದಿಗೂ ಭಾಷಾಶಾಸ್ತ್ರದವರ ಕೈಯಲ್ಲಿವೆ. ಪುಣೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ೧೮೭೫ರಲ್ಲಿ ವಸಂತ ವ್ಯಾಖ್ಯಾನಮಾಲೆಯನ್ನು ಆರಂಭಿಸಿದರು. ಅದು ವಿಶ್ವವಿದ್ಯಾನಿಲಯದ್ದಲ್ಲ, ಊರಿನವರದು. ಬೇಸಿಗೆಯ ಸಂಜೆ ಊಟಕ್ಕೆ ಮೊದಲು ಒಂದು ವಿಷಯವನ್ನು ಕೇಳಿ ಬರುವ ಅಭ್ಯಾಸವನ್ನು ಅದು ಪುಣೆಯ ಸಾಮಾನ್ಯ ಗೃಹಸ್ಥರಿಗೆ ಕಲಿಸಿತು.

ಕನ್ನಡ ನಾಡಿನಲ್ಲಿ ಈ ಕಾರ್ಯವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳೆಂಬ ಹೆಸರಿನಲ್ಲಿ ಸಣ್ಣ ಊರುಗಳಿಗೆ ಹೋಗಿ, ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯಗಳನ್ನು ಕನ್ನಡದಲ್ಲಿ ತಿಳಿಸಿ ಹೇಳಿದರು. ಹಾಗೆ ಹೇಳಿದುದು ಚಿಕ್ಕ ಚಿಕ್ಕ ಪುಸ್ತಿಕೆಗಳಾಗಿ ಅಚ್ಚಾಯಿತು. ಧಾರವಾಡದ ವಿಶ್ವವಿದ್ಯಾನಿಲಯವು ವ್ಯಾಸಂಗ ವಿಸ್ತರಣದ ಹೆಸರಿನಲ್ಲಿ ಇಂಥದೇ ಉಪನ್ಯಾಸ ಗ್ರಂಥಮಾಲೆಯನ್ನು ಹೊರತಂದಿತು. ಕಾಲೇಜಿನ ಮೆಟ್ಟಿಲು ಹತ್ತದೆಯೇ ಆ ಪುಸ್ತಿಕೆಗಳಿಂದ ಪ್ರಪಂಚವನ್ನು ತಿಳಿದುಕೊಂಡ ಶಾಲಾಮಾಸ್ತರರೂ ಅಂಚೆಯ ನೌಕರರೂ ಅಂಗಡಿಕಾರರೂ ನಮ್ಮ ನಾಡಿನಲ್ಲಿ ಎಷ್ಟೋ ಮಂದಿ ಆಗಿಹೋದರು.

ಉಪನ್ಯಾಸ ಕೇಳಿದರೆ ಹೊಟ್ಟೆ ತುಂಬುವುದೇ ಎಂದು ನಮ್ಮ ಮಾಣಿಯೊಬ್ಬನು ಕೇಳಬಹುದು. ಅವನಿಗೆ ಮೈಕೆಲ್ ಫ್ಯಾರಡೆಯ ಕಥೆಯನ್ನು ಹೇಳಬೇಕು. ಫ್ಯಾರಡೆಯು ಲಂಡನ್ನಿನ ಕಮ್ಮಾರನ ಮಗ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದವನು. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದನು. ೧೮೧೨ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯವರು ಮಾಡುತ್ತಿದ್ದ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಟಿಕೆಟು ಕೊಡಿಸಿದರು. ಹುಡುಗನು ನಾಲ್ಕು ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡು, ಚಿತ್ರಗಳನ್ನು ಬಿಡಿಸಿ, ಸುಮಾರು ೩೦೦ ಪುಟಗಳ ಟಿಪ್ಪಣಿಯನ್ನು ತಾನೇ ರಟ್ಟು ಕಟ್ಟಿ ಡೇವಿಯವರಿಗೆ ಕಳುಹಿಸಿದನು. ಮರುವರ್ಷ, ೧೮೧೩ರಲ್ಲಿ, ಅದೇ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಅವನಿಗೆ ಸಹಾಯಕನ ಕೆಲಸ ದೊರೆಯಿತು. ಇಂದು ನಮ್ಮ ಹೋಟೆಲುಗಳಲ್ಲಿ ಗ್ರೈಂಡರು ತಿರುಗುವುದೂ ಫ್ಯಾನು ಸುತ್ತುವುದೂ ಆ ರಟ್ಟುಗಾರ ಹುಡುಗನು ಮುಂದೆ ಕಂಡುಹಿಡಿದ ವಿದ್ಯುತ್ ತತ್ತ್ವಗಳ ಬಲದಿಂದ. ಕೇಳಿದವರೆಲ್ಲರೂ ಫ್ಯಾರಡೆಗಳಾಗುವುದಿಲ್ಲ, ನಿಜ. ಆದರೆ ಆ ದಿನ ಬಾಗಿಲು ಮುಚ್ಚಿದ್ದರೆ ಆ ಒಬ್ಬ ಫ್ಯಾರಡೆಯೂ ರಟ್ಟಿನ ಅಂಗಡಿಯಲ್ಲಿಯೇ ಉಳಿಯುತ್ತಿದ್ದನೋ ಏನೋ.

ವಾದದಿಂದ ಬಂದ ಪದವಿ

ಇನ್ನು ಎರಡನೆಯ ಸಭೆಯ ವಿಚಾರ. ಪಿಎಚ್.ಡಿ. ಎಂದರೆ ದಪ್ಪ ಪುಸ್ತಕವೊಂದನ್ನು ಬರೆದು ಕೊಟ್ಟವರಿಗೆ ಸಿಗುವ ‘ಡಾಕ್ಟರ್’ ಎಂಬ ಬಿರುದು ಎಂದು ನಮ್ಮವರು ತಿಳಿದಿರುವುದುಂಟು. ಪುಸ್ತಕ ಬರೆಯುವುದು ಅರ್ಧ ಭಾಗ ಮಾತ್ರ. ಬರೆದುದನ್ನು ಬಲ್ಲವರ ಮುಂದೆ ನಿಂತು ಸಮರ್ಥಿಸಿಕೊಳ್ಳುವುದು ಉಳಿದರ್ಧ. ಈ ಎರಡನೆಯ ಅರ್ಧವೇ ಪದವಿಯ ಮೂಲ.

ಇದು ಪರದೇಶದಿಂದ ಬಂದ ಪದ್ಧತಿಯೆಂದು ಯಾರೂ ಭಾವಿಸಬೇಕಾಗಿಲ್ಲ. ಏಳನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗನು ನಾಲಂದಾ ಮಹಾವಿಹಾರದ ಬಾಗಿಲಿನಲ್ಲಿಯೇ ಕಠಿನವಾದ ಪ್ರಶ್ನೆಗಳನ್ನು ಕೇಳುತ್ತಿದ್ದರೆಂದೂ, ಬಂದ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಉತ್ತರಿಸಲಾರದೆ ಹಿಂದಿರುಗುತ್ತಿದ್ದರೆಂದೂ ಬರೆದಿದ್ದಾನೆ. ನಮ್ಮ ಶ್ರವಣಬೆಳಗೊಳದಲ್ಲಿ ೧೧೨೯ರ ಮಲ್ಲಿಷೇಣ ಪ್ರಶಸ್ತಿಯೆಂಬ ಶಾಸನವಿದೆ. ಜೈನ ಆಚಾರ್ಯ ಸಮಂತಭದ್ರರು ಪಾಟಲಿಪುತ್ರದಿಂದ ಕಂಚಿಯವರೆಗೆ ಊರೂರುಗಳಲ್ಲಿ ಭೇರಿಯನ್ನು ಹೊಡೆದು, ವಾದಕ್ಕೆ ಬರುವವರು ಬರಲೆಂದು ಕರೆದು, ಕೊನೆಗೆ ಕರಹಾಟಕಕ್ಕೆ ಬಂದರೆಂದು ಅದರಲ್ಲಿ ಹೇಳಿದೆ. ಕರಹಾಟಕವೆಂದರೆ ಇಂದಿನ ಕರಾಡ. ಮುಂಬಯಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವ ನಮ್ಮವರು ನಡುರಾತ್ರಿ ಅರೆನಿದ್ರೆಯಲ್ಲಿ ದಾಟುವ ಊರು ಅದೇ. ಭೇರಿ ಹೊಡೆಯುವುದರ ಅರ್ಥವನ್ನು ಗಮನಿಸಬೇಕು. ಭೇರಿಯ ಧ್ವನಿ ಪಂಡಿತರ ಕಿವಿಗೆ ಮಾತ್ರ ಬೀಳುವುದಿಲ್ಲ, ಬೀದಿಯವರೆಲ್ಲರ ಕಿವಿಗೂ ಬೀಳುತ್ತದೆ. ವಿದ್ಯೆಯ ಜಯಾಪಜಯಗಳು ಬಹಿರಂಗವಾಗಿ ನಿರ್ಣಯವಾಗಬೇಕೆಂಬ ತತ್ತ್ವವೇ ಆ ಧ್ವನಿ.

ಯುರೋಪಿನ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿಯೂ ವಾದವೇ ಪದವಿಯ ದಾರಿಯಾಗಿತ್ತು. ಅಲ್ಲಿ ಇಂದಿಗೂ ಈ ಸಂಪ್ರದಾಯ ಜೀವಂತವಾಗಿರುವ ದೇಶಗಳುಂಟು. ಸ್ವೀಡನ್ ದೇಶದಲ್ಲಿ ಪ್ರಬಂಧವನ್ನು ಪರೀಕ್ಷೆಗೆ ಮೂರು ವಾರ ಮೊದಲೇ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. ಅದರ ಪ್ರತಿಯನ್ನು ಮೊಳೆ ಹೊಡೆದು ತೂಗುಹಾಕುವ ಪದ್ಧತಿಯೂ ಇದೆ. ಪರೀಕ್ಷೆಯ ದಿನ ‘ಪ್ರತಿವಾದಿ’ಯೆಂದೇ ಕರೆಯಲ್ಪಡುವ ವಿದ್ವಾಂಸನು ಪ್ರಶ್ನಿಸುತ್ತಾನೆ. ಅವನ ಬಳಿಕ ಸಭೆಯಲ್ಲಿ ಕುಳಿತ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಹಾಲೆಂಡಿನಲ್ಲಿ ಗೊತ್ತಾದ ಹೊತ್ತು ಮುಗಿಯುತ್ತಲೇ ದಂಡ ಹಿಡಿದ ಅಧಿಕಾರಿಯೊಬ್ಬನು ಸಭೆಯೊಳಗೆ ಬಂದು, ಲ್ಯಾಟಿನ್ ಭಾಷೆಯಲ್ಲಿ ‘ವೇಳೆಯಾಯಿತು’ ಎಂದು ಘೋಷಿಸುತ್ತಾನೆ. ಉತ್ತರ ಅರ್ಧಕ್ಕೆ ನಿಂತಿದ್ದರೂ ಅಲ್ಲಿಗೆ ಮುಕ್ತಾಯ. ಫಿನ್ಲೆಂಡಿನಲ್ಲಿ ಹೊಸ ಡಾಕ್ಟರನು ಅದೇ ಸಂಜೆ ತನ್ನನ್ನು ಪ್ರಶ್ನೆಗಳಿಂದ ಹಣ್ಣು ಮಾಡಿದ ಪ್ರತಿವಾದಿಯ ಗೌರವಾರ್ಥವಾಗಿ ಔತಣ ಮಾಡಿಸುವುದು ರೂಢಿ. ಹೋಟೆಲಿನವರಾದ ನಮಗೆ ಈ ಪದ್ಧತಿ ಬಹಳ ಹಿಡಿಸಿತೆಂದು ಹೇಳಲು ಸಂಕೋಚವಿಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ಸಾಮಾನ್ಯವಾಗಿ ಇಬ್ಬರು ಪರೀಕ್ಷಕರು ಕೊಠಡಿಯೊಂದರಲ್ಲಿ ಬಾಗಿಲು ಮುಚ್ಚಿಕೊಂಡು ವಿದ್ಯಾರ್ಥಿಯನ್ನು ಪರೀಕ್ಷಿಸುತ್ತಾರೆ.

ನಮ್ಮ ದೇಶದ ನಿಯಮ

ಭಾರತವು ಅನೇಕ ವಿಷಯಗಳಲ್ಲಿ ಇಂಗ್ಲೆಂಡನ್ನು ಅನುಸರಿಸಿದರೂ ಈ ವಿಷಯದಲ್ಲಿ ಬಾಗಿಲು ತೆರೆದಿಡುವ ಪಕ್ಷವನ್ನು ಹಿಡಿದಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೬ರಲ್ಲಿ ಮಾಡಿದ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ ೨೦೨೨ರ ನವೆಂಬರಿನಲ್ಲಿ ಹೊರಡಿಸಿದ ನಿಯಮಗಳಲ್ಲಿಯೂ ಇದರ ಕ್ರಮವನ್ನು ಹೇಳಿದೆ.

ಸಂಶೋಧನೆಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ ಅವಧಿ. ಪ್ರಬಂಧವನ್ನು ಒಪ್ಪಿಸುವ ಮೊದಲು ವಿದ್ಯಾರ್ಥಿಯು ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ಮಂಡಿಸಬೇಕು. ಒಪ್ಪಿಸಿದ ಪ್ರಬಂಧವನ್ನು ಮಾರ್ಗದರ್ಶಕರಲ್ಲದೆ, ಆ ವಿಶ್ವವಿದ್ಯಾನಿಲಯದ ಉದ್ಯೋಗದಲ್ಲಿಲ್ಲದ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಓದಿ ಲಿಖಿತ ವರದಿ ಕೊಡಬೇಕು. ವರದಿಗಳು ತೃಪ್ತಿಕರವಾಗಿದ್ದರೆ ಮಾತ್ರ ಮೌಖಿಕ ಪರೀಕ್ಷೆ. ಆ ದಿನ ವಿದ್ಯಾರ್ಥಿಯು ತಾನು ಎತ್ತಿಕೊಂಡ ಪ್ರಶ್ನೆ ಯಾವುದು, ಸಾಮಗ್ರಿಯನ್ನು ಎಲ್ಲಿಂದ ತಂದೆ, ಯಾವ ನಿರ್ಣಯಕ್ಕೆ ಬಂದೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತಾನೆ. ಬಳಿಕ ಪರೀಕ್ಷಕರು ತಮ್ಮ ವರದಿಯಲ್ಲಿ ಎತ್ತಿದ ಆಕ್ಷೇಪಗಳನ್ನು ಮುಂದಿಡುತ್ತಾರೆ, ವಿದ್ಯಾರ್ಥಿಯು ಉತ್ತರಿಸುತ್ತಾನೆ. ಈ ಸಭೆಗೆ ವಿಭಾಗದ ಅಧ್ಯಾಪಕರೂ, ಇತರ ಸಂಶೋಧಕರೂ ಬರಬಹುದೆಂದು ನಿಯಮದಲ್ಲಿದೆ; ವಿಷಯದಲ್ಲಿ ಆಸಕ್ತಿಯುಳ್ಳ ತಜ್ಞರೂ ಬರಬಹುದೆಂದು ೨೦೧೬ರ ನಿಯಮದಲ್ಲಿತ್ತು. ೨೦೨೦ರ ಕೊರೋನಾ ಕಾಲದಲ್ಲಿ ದೂರದಿಂದಲೇ ದೃಶ್ಯಮಾಧ್ಯಮದ ಮೂಲಕ ಈ ಪರೀಕ್ಷೆಯನ್ನು ನಡೆಸಲು ಆಯೋಗವು ಅನುಮತಿ ಕೊಟ್ಟಿತು. ಅಂದಿನಿಂದ ಮೊಬೈಲು ಫೋನಿನಲ್ಲಿ ಸಭೆಯನ್ನು ನೋಡುವ ಅವಕಾಶವೂ ಕೆಲವು ಕಡೆ ಒದಗಿದೆ.

‘ಆಸಕ್ತಿಯುಳ್ಳ ತಜ್ಞರು’ ಎಂಬ ಮಾತನ್ನು ಕೇಳಿ ನಮ್ಮವರು ಹಿಂಜರಿಯಬಹುದು. ತಜ್ಞನೆಂದರೆ ಯಾರು? ‘ತತ್’ ಎಂದರೆ ಅದು. ‘ಜ್ಞ’ ಎಂದರೆ ಅರಿತವನು. ಅದನ್ನು ಅರಿತವನೇ ತಜ್ಞ. ನಾಣ್ಯಶಾಸ್ತ್ರದ ಪ್ರಬಂಧಕ್ಕೆ ನಾಣ್ಯಗಳನ್ನು ಅರಿತವನು ತಜ್ಞನಾದರೆ, ವಲಸೆ ಬಂದ ಹೋಟೆಲು ಕೆಲಸಗಾರರ ಬದುಕಿನ ಮೇಲೆ ಬರೆದ ಪ್ರಬಂಧಕ್ಕೆ ತಜ್ಞನು ಯಾರು? ನಲವತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವನಲ್ಲದೆ ಮತ್ತಾರು? ಇದು ಹಾಸ್ಯದ ಮಾತಲ್ಲ. ಇಂದು ಹೊರನಾಡ ಕನ್ನಡಿಗರ ಬದುಕು, ಅವರ ಸಂಘಗಳು, ರಾತ್ರಿ ಶಾಲೆಗಳು, ಪತ್ರಿಕೆಗಳು, ಯಕ್ಷಗಾನ ಮಂಡಲಿಗಳು, ಅವರ ಸಾಹಿತ್ಯ ಇವೆಲ್ಲವೂ ಸಂಶೋಧನೆಯ ವಿಷಯಗಳಾಗಿವೆ. ನಮ್ಮ ವಿಷಯವನ್ನು ಯಾರೋ ಬರೆಯುತ್ತಾರೆ, ಯಾರೋ ಪರೀಕ್ಷಿಸುತ್ತಾರೆ, ಯಾರೋ ಕಪಾಟಿನಲ್ಲಿಡುತ್ತಾರೆ. ನಾವು ಮಾತ್ರ ಆ ಹೊತ್ತಿಗೆ ಕಾಫಿ ಸೋಸುತ್ತಿರುತ್ತೇವೆ.

ನಾವು ಕಂಡ ಒಂದು ಸಭೆ

ಕೆಲವು ವರ್ಷಗಳ ಹಿಂದೆ ನಾವು ಇಂಥ ಒಂದು ಪರೀಕ್ಷೆಗೆ ಹೋಗಿದ್ದೆವು. ವಿಶ್ವವಿದ್ಯಾನಿಲಯದ ಹೆಸರಾಗಲಿ ವಿದ್ಯಾರ್ಥಿನಿಯ ಹೆಸರಾಗಲಿ ಇಲ್ಲಿ ಅಗತ್ಯವಿಲ್ಲ. ನಗರಕ್ಕೆ ವಲಸೆ ಬಂದ ದುಡಿಮೆಗಾರರ ಜೀವನವೇ ಪ್ರಬಂಧದ ವಸ್ತು. ಆ ಹೆಣ್ಣುಮಗಳು ಅಚ್ಚುಕಟ್ಟಾಗಿ ವಿಷಯ ಮಂಡಿಸಿದಳು. ಹಳೆಯ ಕಾಲದ ಹೋಟೆಲುಗಳಲ್ಲಿ ಕೆಲಸಗಾರರಿಗೆ ಸಂಬಳ ಕಡಿಮೆಯಿದ್ದರೂ ಊಟವೂ ವಸತಿಯೂ ಉಚಿತವಾಗಿ ದೊರೆಯುತ್ತಿದ್ದವೆಂದು ಒಂದು ಅಧ್ಯಾಯದಲ್ಲಿ ಬರೆದಿದ್ದಳು. ಪರೀಕ್ಷಕರು ಸಿದ್ಧಾಂತಗಳ ಬಗ್ಗೆ ಕೇಳಿದರು, ಅಂಕಿಗಳ ಬಗ್ಗೆ ಕೇಳಿದರು. ಅವಳು ಧೈರ್ಯವಾಗಿ ಉತ್ತರಿಸಿದಳು.

ಪ್ರಶ್ನೋತ್ತರ ಮುಗಿಯುತ್ತ ಬಂದಾಗ ಅಧ್ಯಕ್ಷರು, ಸಭಿಕರಲ್ಲಿ ಯಾರಾದರೂ ಮಾತನಾಡುವುದುಂಟೇ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ವೃದ್ಧರೊಬ್ಬರು ಎದ್ದು ನಿಂತರು. ಉಡುಪಿಯ ಕಡೆಯವರು, ಹುಡುಗನಾಗಿದ್ದಾಗ ಈ ನಗರಕ್ಕೆ ಬಂದು, ಕ್ಲೀನರನಾಗಿ ಆರಂಭಿಸಿ, ಸಪ್ಲಾಯರನಾಗಿ ನಿವೃತ್ತರಾದವರು. ಸಂಶೋಧನೆಯ ಕಾಲದಲ್ಲಿ ಆ ಹೆಣ್ಣುಮಗಳು ಮಾತನಾಡಿಸಿದವರಲ್ಲಿ ಅವರೂ ಒಬ್ಬರಂತೆ.

“ತಂಗೀ, ನೀನು ಚೆನ್ನಾಗಿ ಬರೆದಿದ್ದೀ. ಒಂದೇ ಮಾತು ಸರಿಯಿಲ್ಲ. ನಮಗೆ ಊಟ ಉಚಿತವಾಗಿರಲಿಲ್ಲ. ಊಟವಿದೆ, ಮಲಗಲು ಜಾಗವಿದೆ ಎಂದು ಹೇಳಿಯೇ ಸಂಬಳ ಗೊತ್ತುಮಾಡುತ್ತಿದ್ದರು. ಆ ಊಟದ ದುಡ್ಡನ್ನು ನಾವು ದುಡಿದೇ ಕೊಟ್ಟಿದ್ದೇವೆ. ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗಿದವನು ರಾತ್ರಿಯ ಕಾವಲುಗಾರನೂ ಆಗಿರುತ್ತಿದ್ದ. ಅದಕ್ಕೆ ಬೇರೆ ಸಂಬಳವಿರಲಿಲ್ಲ. ಉಚಿತ ಎಂದು ಬರೆದರೆ ಧರ್ಮಕ್ಕೆ ಉಂಡೆವು ಎಂದಾಗುತ್ತದೆ, ನೋಡು” ಎಂದರು.

ಸಭೆ ನಿಶ್ಶಬ್ದವಾಯಿತು. ಗಲ್ಲಾದ ಹಿಂದೆ ಕುಳಿತ ಯಾವ ಮಾಲಿಕನಿಗಾದರೂ ಈ ಲೆಕ್ಕ ಗೊತ್ತಿರತಕ್ಕದ್ದೇ; ಯಾವ ವಹಿಯಲ್ಲಿಯೂ ಅದು ಬರೆದಿರುವುದಿಲ್ಲ, ಅಷ್ಟೇ. ವಿದ್ಯಾರ್ಥಿನಿಯು ತಡವರಿಸಲಿಲ್ಲ, ವಾದಿಸಲೂ ಇಲ್ಲ. “ಅಜ್ಜಾ, ಅದನ್ನು ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ತಿದ್ದುತ್ತೇನೆ” ಎಂದಳು. ಬಾಹ್ಯ ಪರೀಕ್ಷಕರು ಪ್ರಬಂಧದ ಪ್ರತಿಯನ್ನು ತೆರೆದು, ಆ ಪುಟವನ್ನು ಹುಡುಕಿ, ಅಂಚಿನಲ್ಲಿ ಗುರುತು ಹಾಕಿಕೊಂಡರು. ಅಂತಿಮ ಪ್ರತಿಯಲ್ಲಿ ಆ ವಾಕ್ಯ ಬದಲಾಗಬೇಕೆಂದು ಅಧ್ಯಕ್ಷರು ಸೂಚಿಸಿದರು.

ಇದು ಒಂದು ಪದದ ತಿದ್ದುಪಡಿ. ಆದರೆ ಆ ಒಂದು ಪದದಲ್ಲಿ ಸಾವಿರಾರು ಮಂದಿಯ ಮಾನವಿತ್ತು. ಆ ವೃದ್ಧರು ಆ ದಿನ ಬಾರದೆ ಹೋಗಿದ್ದರೆ, ಆ ಪ್ರಬಂಧವನ್ನು ನೋಡಿ ಮತ್ತೊಬ್ಬನು, ಅವನನ್ನು ನೋಡಿ ಇನ್ನೊಬ್ಬನು ಹಾಗೆಯೇ ಬರೆಯುತ್ತಿದ್ದರು. ನಮ್ಮ ಮೊಮ್ಮಕ್ಕಳು ಓದುವ ಚರಿತ್ರೆಯಲ್ಲಿ ಅವರ ಅಜ್ಜಂದಿರು ಮಾಲಿಕರ ದಯೆಯಿಂದ ಉಂಡವರೆಂದೇ ಉಳಿಯುತ್ತಿತ್ತು. ಬಹಿರಂಗ ಪರೀಕ್ಷೆಯ ಪ್ರಯೋಜನವೇನೆಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರವನ್ನು ನಾವು ಕೊಡಲಾರೆವು.

ತಿದ್ದಿಸಿಕೊಳ್ಳುವುದು ವಿದ್ವಾಂಸರಿಗೆ ಅವಮಾನವೂ ಅಲ್ಲ. ಡಾ. ಅಂಬೇಡ್ಕರರಂಥ ಮೇಧಾವಿಗಳು ರೂಪಾಯಿಯ ಸಮಸ್ಯೆಯನ್ನು ಕುರಿತು ಲಂಡನ್ನಿಗೆ ಒಪ್ಪಿಸಿದ ಪ್ರಬಂಧವನ್ನೂ ಪರೀಕ್ಷಕರು ತಿದ್ದಬೇಕೆಂದು ಹೇಳಿದರು. ಅವರು ತಿದ್ದಿ ಮತ್ತೆ ಒಪ್ಪಿಸಿ ೧೯೨೩ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಹೀಗೆ ಕುಲುಮೆಯಲ್ಲಿ ಕಾದು ಬಂದ ಕೃತಿಗಳೇ ಬಾಳುತ್ತವೆ. ಜಿ. ಎಸ್. ಗಾಯಿಯವರು ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳನ್ನು ಆಧರಿಸಿ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ಸಿದ್ಧಪಡಿಸಿದರು. ಪುಣೆಯ ಡೆಕ್ಕನ್ ಕಾಲೇಜು ಅದನ್ನು ೧೯೪೬ರಲ್ಲಿ ತನ್ನ ಸಂಶೋಧನ ಪ್ರಬಂಧಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿತು. ಕನ್ನಡದ ಬೇರನ್ನು ಹುಡುಕುವ ಕೆಲಸ ಹೊರನಾಡಿನ ನಗರದಲ್ಲಿ ನಡೆಯಿತೆಂಬುದು ನಮ್ಮಂಥ ಹೊರನಾಡಿಗರು ಅಭಿಮಾನಪಡತಕ್ಕ ಸಂಗತಿ.

ಹಾರ, ಶಾಲು, ಉಪಾಹಾರ

ಎಲ್ಲ ಕಡೆಯೂ ಪರೀಕ್ಷೆಯು ಪರೀಕ್ಷೆಯಂತೆಯೇ ನಡೆಯುತ್ತದೆಂದು ಹೇಳುವ ಧೈರ್ಯ ನಮಗಿಲ್ಲ. ಕೆಲವು ಸಭೆಗಳಲ್ಲಿ ಪ್ರಶ್ನೆಗಿಂತ ಮೊದಲೇ ಹಾರವೂ ಶಾಲೂ ಬಂದು ಮೇಜಿನ ಮೇಲೆ ಕುಳಿತಿರುತ್ತವೆ. ಕೇಸರಿಭಾತು, ಉದ್ದಿನವಡೆಗಳ ಪೊಟ್ಟಣಗಳು ಮೂಲೆಯಲ್ಲಿ ಸಿದ್ಧವಾಗಿರುತ್ತವೆ. ಇಂಥ ಆರ್ಡರುಗಳನ್ನು ನಮ್ಮ ಹೋಟೆಲಿನಿಂದಲೂ ಕಳುಹಿಸಿದ್ದುಂಟು. ಆದುದರಿಂದ ಉಪಾಹಾರವನ್ನು ನಾವು ದೂಷಿಸುವವರಲ್ಲ. ಆದರೆ ಫಲಿತಾಂಶ ತಿಳಿಯುವ ಮೊದಲೇ ಅಭಿನಂದನೆಯ ಏರ್ಪಾಡಾದರೆ, ಪ್ರಶ್ನೆ ಕೇಳುವವನ ನಾಲಗೆ ಕಟ್ಟಿಹೋಗುತ್ತದೆ. ಹಸಿದ ಗಿರಾಕಿಯು ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ನಿರ್ದಾಕ್ಷಿಣ್ಯವಾಗಿ ಹೇಳುತ್ತಾನೆ. ಮದುವೆಮನೆಯ ನೆಂಟನು ಅದನ್ನೇ ನುಂಗಿ ಚೆನ್ನಾಗಿದೆಯೆನ್ನುತ್ತಾನೆ. ಮೌಖಿಕ ಪರೀಕ್ಷೆಗೆ ಬೇಕಾದವನು ಗಿರಾಕಿ, ನೆಂಟನಲ್ಲ.

ಇನ್ನೊಂದು ಪಿಡುಗು ಕೃತಿಚೌರ್ಯ. ಒಬ್ಬರು ಬರೆದುದನ್ನು ಇನ್ನೊಬ್ಬರು ತಮ್ಮದೆಂದು ಒಪ್ಪಿಸುವುದನ್ನು ತಡೆಯಲು ಆಯೋಗವು ೨೦೧೮ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಪ್ರಬಂಧದಲ್ಲಿ ಇತರರ ಬರಹದೊಡನೆ ಹೋಲಿಕೆ ನೂರಕ್ಕೆ ೧೦ರವರೆಗೆ ಇದ್ದರೆ ದಂಡನೆಯಿಲ್ಲ. ೧೦ರಿಂದ ೪೦ರವರೆಗಿದ್ದರೆ ತಿದ್ದಿ ಆರು ತಿಂಗಳೊಳಗೆ ಒಪ್ಪಿಸಬೇಕು. ೪೦ರಿಂದ ೬೦ರವರೆಗಿದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ೬೦ನ್ನು ಮೀರಿದರೆ ನೋಂದಣಿಯೇ ರದ್ದು. ಈ ಅಳತೆಯನ್ನು ಯಂತ್ರವು ಮಾಡುತ್ತದೆ. ಯಂತ್ರವು ಪದಗಳ ಕಳವನ್ನು ಹಿಡಿದೀತು. ತಿಳಿವಳಿಕೆಯ ಅಭಾವವನ್ನು ಹಿಡಿಯಲಾರದು. ಬೇರೆಯವರಿಂದ ಬರೆಯಿಸಿಕೊಂಡು ಬಂದವನನ್ನು ಹಿಡಿಯುವುದು ಎದುರಿಗೆ ಕುಳಿತು ಕೇಳಿದ ಒಂದು ಸರಳ ಪ್ರಶ್ನೆ. ತುಂಬಿದ ಸಭೆಯಲ್ಲಿ ಆ ಪ್ರಶ್ನೆ ಹೆಚ್ಚು ಹರಿತವಾಗುತ್ತದೆ. ಕಾಲಿ ಕುರ್ಚಿಗಳ ಮುಂದೆ ನಡೆಯುವ ಪರೀಕ್ಷೆಯು ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ.

ವಾಚಕರು ಮಾಡಬಹುದಾದುದು

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲನೆಯದು, ವಿಚಾರಿಸುವುದು. ಮುಂಬಯಿಯವರು ಕಲೀನಾದ ಕನ್ನಡ ವಿಭಾಗದಲ್ಲಿ, ಇತರ ನಗರಗಳವರು ತಮ್ಮ ತಮ್ಮ ವಿಶ್ವವಿದ್ಯಾನಿಲಯಗಳಲ್ಲಿ, ಮುಂದಿನ ಉಪನ್ಯಾಸ ಯಾವಾಗ, ಮೌಖಿಕ ಪರೀಕ್ಷೆ ಯಾವಾಗ, ನಾವು ಬರಬಹುದೇ ಎಂದು ಕೇಳಬೇಕು. ಉಪನ್ಯಾಸಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೌಖಿಕ ಪರೀಕ್ಷೆಗೆ ಮೊದಲೇ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಕೇಳುವುದು ಮರ್ಯಾದೆ. ಸಭೆಯಲ್ಲಿ ಅಧ್ಯಕ್ಷರು ಕರೆದಾಗ ಮಾತ್ರ ಮಾತನಾಡಬೇಕು. ಮಾತನಾಡಿದರೆ ತನಗೆ ಖಂಡಿತವಾಗಿ ಗೊತ್ತಿದ್ದುದನ್ನು ಮಾತ್ರ, ಎರಡು ವಾಕ್ಯಗಳಲ್ಲಿ ಹೇಳಬೇಕು. ಅರ್ಥವಾಗದ ಮಾತುಗಳು ಬಹಳಷ್ಟು ಬರುತ್ತವೆ, ಅದಕ್ಕೆ ಎದೆಗುಂದಬಾರದು. ಹತ್ತು ಮಾತಿನಲ್ಲಿ ನಾಲ್ಕು ತಿಳಿದರೂ ಅಷ್ಟು ಲಾಭ.

ಎರಡನೆಯದು, ಓದುವುದು. ದೇಶದ ವಿಶ್ವವಿದ್ಯಾನಿಲಯಗಳು ಅಂಗೀಕರಿಸಿದ ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಗಣಕ ಭಂಡಾರದಲ್ಲಿ ಸೇರಿಸುತ್ತ ಬಂದಿದ್ದಾರೆ. ಅದನ್ನು ನೋಡಲು ಶುಲ್ಕವಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿಯೇ ನಮ್ಮ ಊರು, ನಮ್ಮ ಜನ, ನಮ್ಮ ಕಸುಬಿನ ಮೇಲೆ ಯಾರು ಏನು ಬರೆದಿದ್ದಾರೆಂದು ಹುಡುಕಬಹುದು. ಸಂಶೋಧಕರು ಮಾಹಿತಿ ಕೇಳಿಕೊಂಡು ನಮ್ಮ ಹೋಟೆಲಿಗೋ ಖೋಲಿಗೋ ಬಂದರೆ ಅವಸರದಲ್ಲಿ ಏನೋ ಒಂದು ಹೇಳಿ ಕಳುಹಿಸದೆ, ಕುಳ್ಳಿರಿಸಿ, ಸರಿಯಾದುದನ್ನು ಹೇಳಿ, ಬರೆದಾದ ಮೇಲೆ ನಮಗೂ ತೋರಿಸಬೇಕೆಂದು ಕೇಳಿಕೊಳ್ಳಬೇಕು.

ಮೂರನೆಯದನ್ನು ನಮ್ಮ ಗುಮಾಸ್ತ ಬಂಧುಗಳಿಗೆ ವಿಶೇಷವಾಗಿ ಹೇಳಬಯಸುತ್ತೇವೆ. ಉದ್ಯೋಗದಲ್ಲಿದ್ದುಕೊಂಡೇ ಅಂಶಕಾಲಿಕವಾಗಿ ಪಿಎಚ್.ಡಿ. ಮಾಡಲು ೨೦೨೨ರ ನಿಯಮಗಳು ಅವಕಾಶ ಕೊಟ್ಟಿವೆ. ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ ೫೫ ಅಂಕಗಳಿರಬೇಕು. ಹಿಂದುಳಿದ ಹಾಗೂ ಪರಿಶಿಷ್ಟ ವರ್ಗಗಳವರಿಗೆ ಐದು ಅಂಕಗಳ ರಿಯಾಯಿತಿಯುಂಟು. ಪ್ರವೇಶದ ಪರೀಕ್ಷೆ, ಸಂದರ್ಶನಗಳನ್ನು ದಾಟಬೇಕು. ಓದಲು ಸಾಕಷ್ಟು ಸಮಯ ಕೊಡುವೆವೆಂದು ಉದ್ಯೋಗದಾತರಿಂದ ಒಪ್ಪಿಗೆಯ ಪತ್ರ ತರಬೇಕು. ಇದು ಸುಲಭದ ದಾರಿಯೆಂದು ನಾವು ಹೇಳುವುದಿಲ್ಲ. ಆದರೆ ಹಗಲು ಪಾತ್ರೆ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರ ಸಂತಾನ ನಾವು. ಬೆಂಚಿನ ಮೇಲೆ ತೂಕಡಿಸುತ್ತ ಗಣಿತ ಮಾಡಿದ ಆ ಹಿರಿಯರಿಗೆ ಇದಕ್ಕಿಂತ ಸುಲಭದ ದಾರಿಯೇನೂ ಇರಲಿಲ್ಲ.

ಮಾಲಿಕ ಮಿತ್ರರಲ್ಲಿಯೂ ಒಂದು ಬಿನ್ನಹ. ನಿಮ್ಮಲ್ಲಿ ಕೆಲಸ ಮಾಡುವ ಹುಡುಗನು ತಿಂಗಳಿಗೊಂದು ಸಂಜೆ ಉಪನ್ಯಾಸಕ್ಕೆ ಹೋಗಬೇಕೆಂದು ಕೇಳಿದರೆ, ಪಾಳಿ ಬದಲಾಯಿಸಿ ಕಳುಹಿಸಿ ಕೊಡಿರಿ. ಎರಡು ಗಂಟೆ ಹೊತ್ತಿನಲ್ಲಿ ಹೋಟೆಲು ಮುಳುಗುವುದಿಲ್ಲ. ವಿಶ್ವವಿದ್ಯಾನಿಲಯಗಳ ಅಧಿಕಾರಿಗಳಲ್ಲಿಯೂ ಪ್ರಾರ್ಥನೆಯೊಂದುಂಟು. ದುಡಿಯುವವರ ಮೇಲಿನ ಪ್ರಬಂಧದ ಪರೀಕ್ಷೆಯನ್ನು ಬೆಳಿಗ್ಗೆ ಹನ್ನೊಂದು ಗಂಟೆಗೆ ಇಟ್ಟರೆ ದುಡಿಯುವವರು ಹೇಗೆ ಬಂದಾರು? ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ಸ್ವಲ್ಪ ಬಿಡುವಿರುತ್ತದೆ. ಗುಮಾಸ್ತರಿಗೆ ಶನಿವಾರ ಅನುಕೂಲ. ಸಮಯವನ್ನು ಹಾಗೆ ಗೊತ್ತುಮಾ಼ಡಿ, ದಿನವನ್ನು ವಾರ ಮೊದಲೇ ಪತ್ರಿಕೆಗಳಿಗೆ ತಿಳಿಸಿದರೆ ಪ್ರಕಟಿಸಲು ನಮ್ಮಂಥವರು ಸಿದ್ಧರಿದ್ದೇವೆ. ಅದಕ್ಕೆ ಜಾಹೀರಾತಿನ ದರವನ್ನು ನಾವು ಕೇಳುವುದಿಲ್ಲ.